ಹರಿದ ಹಾಳೆ, ಸುಟ್ಟ ಹಾಳೆ

ಪ್ರಶ್ನೆ: ಭೌತ ಬದಲಾವಣೆಯಾದರೆ ವಸ್ತುವನ್ನು ಮೊದಲಿನಂತೆ ಮಾಡಬಹುದು, ರಾಸಾಯನಿಕ ಬದಲಾವಣೆಯಾದರೆ ಸಾಧ್ಯವಿಲ್ಲ ಎಂದು ಐದನೆಯ ತರಗತಿಯಲ್ಲಿ ಹೇಳಿಕೊಟ್ಟೆ. ಒಬ್ಬ ಹುಡುಗಿ ಎದ್ದು, ‘ಹರಿದ ಹಾಳೆಯೂ ಮೊದಲಿನಂತೆ ಆಗುವುದಿಲ್ಲವಲ್ಲ ಮಿಸ್, ಅದೂ ರಾಸಾಯನಿಕವೇ?’ ಎಂದಳು. ಪ್ರಯೋಗಾಲಯವಿಲ್ಲದ ನಮ್ಮ ಶಾಲೆಯಲ್ಲಿ ಇದನ್ನು ಹೇಗೆ ತೋರಿಸಲಿ?
– ಒಬ್ಬ ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಆ ಹುಡುಗಿಯ ಅನುಮಾನ ಸರಿಯಾಗಿಯೇ ಇದೆ, ಎಡವಿರುವುದು ನಾವು ಬಾಯಿಪಾಠ ಮಾಡಿಸುವ ಸೂತ್ರ. ಹಾಳೆಯನ್ನು ಎಷ್ಟು ಚೂರು ಮಾಡಿದರೂ ಪ್ರತಿ ಚೂರೂ ಕಾಗದವೇ ಆಗಿರುತ್ತದೆ, ಆದರೆ ಅದೇ ಹಾಳೆಯನ್ನು ಸುಟ್ಟರೆ ಉಳಿಯುವ ಬೂದಿಯನ್ನು ಯಾರೂ ಕಾಗದವೆನ್ನುವುದಿಲ್ಲ. ಆದ್ದರಿಂದ ‘ಹೊಸ ವಸ್ತು ಹುಟ್ಟಿತೇ?’ ಎಂದು ಮೊದಲು ಕೇಳಿಸಿ, ಮೊದಲಿನಂತೆ ಮಾಡಬಹುದೇ ಎಂಬುದನ್ನು ಮಕ್ಕಳೇ ಆಮೇಲೆ ಪರೀಕ್ಷಿಸಲಿ.

ಅದಕ್ಕೆ ಎರಡು ಸ್ಟೀಲ್ ತಟ್ಟೆಗಳು ಸಾಕು. ಒಂದರಲ್ಲಿ ಕಾಲು ಚಮಚ ಉಪ್ಪನ್ನು ನೀರಿನಲ್ಲಿ ಕರಗಿಸಿ. ಇನ್ನೊಂದರಲ್ಲಿ ಕಾಲು ಚಮಚ ಅಡುಗೆ ಸೋಡ ಹಾಕಿ, ಅದರ ಮೇಲೆ ಬಿಳಿ ವಿನೆಗರನ್ನು ಒಂದೊಂದೇ ಚಮಚದಂತೆ, ನೊರೆ ಏಳುವುದು ಪೂರ್ತಿ ನಿಲ್ಲುವವರೆಗೂ ಸುರಿಯಿರಿ. ಬುರಬುರನೆ ಏಳುವ ಗುಳ್ಳೆಗಳಲ್ಲಿರುವುದು ಇಂಗಾಲದ ಡೈಆಕ್ಸೈಡ್. ಎರಡೂ ತಟ್ಟೆಗಳನ್ನು ಬಿಸಿಲಿನಲ್ಲಿಟ್ಟು ನೀರು ಪೂರ್ತಿ ಆರಲು ಬಿಡಿ. ಎರಡರಲ್ಲೂ ಬಿಳಿಯ ಪದಾರ್ಥವೇ ಉಳಿಯುವುದರಿಂದ ‘ಸೋಡವೂ ವಾಪಸು ಬಂತು’ ಎಂದು ಮಕ್ಕಳು ಕೂಗುವುದು ಖಂಡಿತ. ನೀವು ಕಾಯಬೇಕಾದದ್ದು ಈ ಗಳಿಗೆಯನ್ನೇ. ಉಪ್ಪಿನ ತಟ್ಟೆಗೆ ನೀರು ಹಾಕಿದರೆ ಮತ್ತೆ ಉಪ್ಪುನೀರಾಗುತ್ತದೆ. ಸೋಡದ ತಟ್ಟೆಗೆ ಮತ್ತೆ ವಿನೆಗರ್ ಹಾಕಿಸಿ: ಒಂದು ಗುಳ್ಳೆಯೂ ಏಳುವುದಿಲ್ಲ, ಏಕೆಂದರೆ ಅಲ್ಲಿರುವುದು ಸೋಡದ ಬಣ್ಣವನ್ನೇ ಹೊತ್ತ ಸೋಡಿಯಂ ಅಸಿಟೇಟ್ ಎಂಬ ಬೇರೊಂದು ವಸ್ತು, ಹೊರಟುಹೋದ ಅನಿಲವನ್ನು ಹಿಡಿದು ತರುವವರು ಯಾರೂ ಇಲ್ಲ. ಕರಗಿದ್ದು ಯಾವುದು, ಬದಲಾದದ್ದು ಯಾವುದು ಎಂಬ ವ್ಯತ್ಯಾಸವನ್ನು ಕಪ್ಪುಹಲಗೆಯ ಮೇಲಿನ ಎರಡು ಕಲಂಗಳ ಪಟ್ಟಿಗಿಂತ ಈ ಎರಡು ತಟ್ಟೆಗಳು ಚೆನ್ನಾಗಿ ತೋರಿಸುತ್ತವೆ ಎಂಬುದು ನನ್ನ ಅಭಿಪ್ರಾಯ.

ಸಕ್ಕರೆಯನ್ನು ಹಳೆಯ ಸೌಟಿನಲ್ಲಿ ಕಾಯಿಸಿ ಅದು ಕರಗಿ, ಕಂದಾಗಿ, ಕೊನೆಗೆ ಇದ್ದಿಲಿನಂತೆ ಕಪ್ಪಾಗುವುದನ್ನೂ ತೋರಿಸಬಹುದು. ಒಲೆಯ ಕೆಲಸವನ್ನು ಮಾತ್ರ ನೀವೇ ಮಾಡಿ.

ಇನ್ನೊಂದು ಪ್ರಯೋಗವನ್ನು ಬೇಕೆಂದೇ ಕೊನೆಗೆ ಇಟ್ಟುಕೊಳ್ಳಿ. ಅರಿಶಿನದ ನೀರಿಗೆ ಚೂರು ಸುಣ್ಣ ಕದಡಿದರೆ ಆರತಿ ತಟ್ಟೆಯ ಕೆಂಪುನೀರಾಗುವುದು ಮಕ್ಕಳಿಗೆ ಮನೆಯಲ್ಲೇ ಗೊತ್ತಿರುತ್ತದೆ. ಅದಕ್ಕೆ ನಿಂಬೆರಸ ಹಿಂಡುತ್ತಾ ಹೋದರೆ ಕೆಂಪು ಮಾಯವಾಗಿ ಹಳದಿ ಮರಳುತ್ತದೆ. ರಾಸಾಯನಿಕ ಬದಲಾವಣೆಯಾಗಿದ್ದರೂ ಅರಿಶಿನದ ಬಣ್ಣ ಹಿಂದಿರುಗಿತಲ್ಲ! ಹರಿದ ಹಾಳೆಯ ಹುಡುಗಿಗೆ ಇದನ್ನು ಮೊದಲು ತೋರಿಸಿ. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ, ಆದ್ದರಿಂದ ಅದನ್ನು ಮಕ್ಕಳ ಕೈಗೆ ಕೊಡಬೇಡಿ.

ಪ್ರಶ್ನೆ: ಮೇಣದಬತ್ತಿ ಉರಿಯುವುದು ಯಾವ ಬಗೆಯ ಬದಲಾವಣೆ? ಮಗನ ಪರೀಕ್ಷೆಯಲ್ಲಿ ‘ಭೌತ’ ಎಂದು ಬರೆದದ್ದಕ್ಕೆ ಅಂಕ ಹೋಯಿತು.
– ಒಬ್ಬ ತಂದೆ, ಮೈಸೂರು

ಉತ್ತರ: ಉರಿಯುವುದು ರಾಸಾಯನಿಕ ಬದಲಾವಣೆಯೇ, ನಿಮ್ಮ ಮಗ ಬಹುಶಃ ಕರಗುವುದನ್ನು ಮಾತ್ರ ನೋಡಿದ್ದಾನೆ. ಕೆಳಗೆ ಹರಿದು ಗಟ್ಟಿಯಾದ ಮೇಣವನ್ನು ಕಾಯಿಸಿ, ಬತ್ತಿಯಿಟ್ಟು ಎರಕ ಹೊಯ್ದರೆ ಇನ್ನೊಂದು ಮೇಣದಬತ್ತಿ ಸಿದ್ಧ. ಉರಿದ ಮೇಣವಾದರೋ ನೀರಾವಿಯೂ ಇಂಗಾಲದ ಡೈಆಕ್ಸೈಡೂ ಆಗಿ ಗಾಳಿಗೆ ಸೇರಿರುತ್ತದೆ. ತಣ್ಣನೆಯ, ಒಣಗಿದ ಗಾಜಿನ ಲೋಟವೊಂದನ್ನು ಜ್ವಾಲೆಯ ಮೇಲೆ ಕ್ಷಣಕಾಲ ಬೋರಲಾಗಿ ಹಿಡಿದು ತೋರಿಸಿ. ಒಳಮೈಯಲ್ಲಿ ಮಂಜಿನಂತೆ ಕೂರುವ ತೇವ ಆ ನೀರೇ.