ಪುಸ್ತಕ ಬಂತು ಅಂತ ಕಟಿಂಗ್ ಎಸೆಯಬೇಡಿ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ವರ್ಷಗಟ್ಟಲೆ ಪತ್ರಿಕೆಯಿಂದ ಕತ್ತರಿಸಿಟ್ಟ ಕಾಮಿಕ್ ಸ್ಟ್ರಿಪ್‌ಗಳು ಎರಡು ಪೆಟ್ಟಿಗೆ ತುಂಬ ಇವೆ, ಜಾಸ್ತಿ ಇರೋದು ‘ಪೀನಟ್ಸ್’, ಈಗ ಎಲ್ಲ ಸಂಪುಟಗಳಾಗಿ ಬಂದಿವೆ, ಕಾಗದವೂ ಹಳದಿಯಾಗಿ ಅಂಚು ಉದುರುತ್ತಿದೆ, ರದ್ದಿಗೆ ಹಾಕಲಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ.

ಹಳೆಯ ಸ್ಟ್ರಿಪ್‌ಗಳು ಪುಸ್ತಕವಾಗಿ ಬರಲು ನಿಮ್ಮಂಥವರ ಪೆಟ್ಟಿಗೆಗಳೇ ಕಾರಣ. ಅಮೆರಿಕದ ಗ್ರಂಥಾಲಯಗಳು ಪತ್ರಿಕೆಗಳನ್ನು ಮೈಕ್ರೋಫಿಲ್ಮ್ ಮಾಡಿ (ಅಂದರೆ ಪುಟಗಳನ್ನು ಪುಟ್ಟ ಫಿಲ್ಮ್ ಮೇಲೆ ಫೋಟೋ ತೆಗೆದಿಟ್ಟು) ಮೂಲ ಪ್ರತಿಗಳನ್ನು ಹೊರಗೆ ಹಾಕುತ್ತಿದ್ದ ಕಾಲದಲ್ಲಿ, ಬಿಲ್ ಬ್ಲ್ಯಾಕ್‌ಬಿಯರ್ಡ್ ಎಂಬ ಕಾಮಿಕ್ ಸಂಗ್ರಾಹಕರು ಅವನ್ನು ಸ್ಯಾನ್ ಫ್ರಾನ್ಸಿಸ್ಕೋದ ತಮ್ಮ ಮನೆಗೆ ತಂದು ತುಂಬಿಕೊಂಡರು, ಸ್ಟ್ರಿಪ್‌ಗಳನ್ನು ಕತ್ತರಿಸಿ ಜೋಡಿಸಿಟ್ಟರು. ಮೈಕ್ರೋಫಿಲ್ಮ್ ಕಪ್ಪು ಬಿಳುಪು, ಹಾಗಾಗಿ ಭಾನುವಾರದ ಪುಟಗಳ ಬಣ್ಣ ಅದರಲ್ಲಿ ಉಳಿಯಲೇ ಇಲ್ಲ. ಬಣ್ಣ ಉಳಿದದ್ದು ಇಂಥ ಕಾಗದದಲ್ಲಿ. ಅವರ ಸಂಗ್ರಹ ಕೊನೆಗೆ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯ ಸೇರಿದಾಗ ಅದರ ತೂಕ ಸುಮಾರು 75 ಟನ್!

ಇನ್ನು ಅಳತೆಯ ಮಾತು. ಅಮೆರಿಕದ ಕಾಮಿಕ್ ಕಲಾವಿದ ವಿನ್ಸರ್ ಮೆಕೇ 1905ರಲ್ಲಿ ಶುರು ಮಾಡಿದ ‘ಲಿಟಲ್ ನೀಮೋ’ ಪತ್ರಿಕೆಯ ಇಡೀ ಪುಟ ಬರುತ್ತಿತ್ತು. ಅದರಲ್ಲಿ ಒಂದು ವಾರ ನೀಮೋನ ಮಂಚಕ್ಕೆ ಕಾಲು ಬೆಳೆಯುತ್ತದೆ. ಕಾಲು ಉದ್ದವಾದಂತೆ ಚೌಕಗಳೂ ಉದ್ದವಾಗುತ್ತಾ ಹೋಗುತ್ತವೆ, ಮಂಚ ಊರಿನ ಮನೆಗಳ ಮೇಲೆ ದಾಪುಗಾಲು ಹಾಕುತ್ತದೆ, ಕೊನೆಯ ಪುಟ್ಟ ಚೌಕದಲ್ಲಿ ಹುಡುಗ ನೆಲದ ಮೇಲೆ. ಇದನ್ನು ಅಂಗೈಯಗಲಕ್ಕೆ ಕುಗ್ಗಿಸಿ ನೋಡಿದರೆ ಕಥೆ ಗೊತ್ತಾಗುತ್ತದೆ, ಆ ಎತ್ತರ ಗೊತ್ತಾಗಲ್ಲ. ಎರಡೂ ಕೈಯಲ್ಲಿ ಹಾಳೆ ಅಗಲಿಸಿ ಹಿಡಿದಾಗಲೇ ಕಣ್ಣು ಮೇಲೆ ಕೆಳಗೆ ಓಡುವುದು.

ನಿಮ್ಮ ‘ಪೀನಟ್ಸ್’ ಇದಕ್ಕೆ ಪೂರ್ತಿ ಉಲ್ಟಾ. 1950ರಲ್ಲಿ ಅದನ್ನು ಜಾಗ ಉಳಿಸುವ ಸ್ಟ್ರಿಪ್ ಅಂತಲೇ ಮಾರಿದರು. ಒಂದೇ ಅಳತೆಯ ನಾಲ್ಕು ಚೌಕ. ಸಂಪಾದಕರು ಅಡ್ಡಕ್ಕೆ ಹಾಕಬಹುದಿತ್ತು, ಉದ್ದಕ್ಕೆ ಹಾಕಬಹುದಿತ್ತು, ಎರಡರ ಮೇಲೆ ಎರಡು ಇಡಬಹುದಿತ್ತು. ಆ ಇಕ್ಕಟ್ಟಿನಲ್ಲೇ ಅದರ ಕಲಾವಿದ ಚಾರ್ಲ್ಸ್ ಷುಲ್ಜ್ ಗೆರೆ ಕಡಿಮೆ ಮಾಡಿದರು, ಮೌನಕ್ಕೆ ಜಾಗ ಬಿಟ್ಟರು. ಸುಮಾರು 50 ವರ್ಷ, 17,897 ಸ್ಟ್ರಿಪ್, ಎಲ್ಲ ಅವರ ಕೈಯಿಂದಲೇ. ಕೊನೆಯದು ಅಚ್ಚಾದದ್ದು 2000ದ ಫೆಬ್ರವರಿ 13, ಭಾನುವಾರ. ಹಿಂದಿನ ರಾತ್ರಿ ಅವರು ತೀರಿಕೊಂಡಿದ್ದರು. ಆ ಹಾಳೆ ನಿಮ್ಮ ಪೆಟ್ಟಿಗೆಯಲ್ಲಿದ್ದರೆ ಬೇರೆ ಕವರ್‌ನಲ್ಲಿ ಇಡಿ.

ಜೋಪಾನ ಮಾಡೋದು ಕಷ್ಟವಲ್ಲ. ಪತ್ರಿಕೆಯ ಕಾಗದದಲ್ಲೇ ಆಮ್ಲ ಇರುತ್ತದೆ, ಬೆಳಕು ಬಿದ್ದರೆ ಬೇಗ ಹಳದಿಯಾಗುತ್ತದೆ. ಒಣ ಜಾಗದಲ್ಲಿ, ಕತ್ತಲಲ್ಲಿ, ಆಮ್ಲರಹಿತ ಕಾಗದದ ನಡುವೆ ಮಡಚದೆ ಇಡಿ. ಹರಿದಿದ್ದರೆ ಹರಿದೇ ಇರಲಿ, ಸೆಲ್ಲೋಟೇಪ್ ಮಾತ್ರ ಅಂಟಿಸಬೇಡಿ. ಅದರ ಅಂಟಿನ ಕಂದು ಕಲೆ ಹೋಗುವುದಿಲ್ಲ. ಲ್ಯಾಮಿನೇಶನ್ ಕೂಡ ಬೇಡ.

ಇವತ್ತೇ ಒಂದು ಕೆಲಸ ಮಾಡಿ. ಒಂದು ಭಾನುವಾರದ ಕಟಿಂಗ್ ತೆಗೆದು ಸಂಪುಟದಲ್ಲಿರುವ ಅದೇ ಸ್ಟ್ರಿಪ್ ಪಕ್ಕ ಇಟ್ಟು ಚೌಕ ಎಣಿಸಿ. ಜಾಗ ಸಾಲದ ಪತ್ರಿಕೆಗಳು ಮೇಲಿನ ಸಾಲನ್ನೇ ಬಿಟ್ಟುಬಿಡುತ್ತಿದ್ದವು, ಕಲಾವಿದರು ಇದು ಗೊತ್ತಿದ್ದೇ ಅಲ್ಲಿ ಒಂದು ಸಣ್ಣ ಬಿಡಿ ಜೋಕು ಬರೆಯುತ್ತಿದ್ದರು. ನಿಮ್ಮದರಲ್ಲಿ ಆ ಸಾಲು ಇದೆಯಾ, ಇಲ್ವಾ? ನೋಡಿ ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕ