ಪರಿಷತ್ ಚುನಾವಣೆಯಲ್ಲಿ ಮುಂದಿದ್ದವರನ್ನೇ ಗೆದ್ದರು ಅಂತ ಯಾಕೆ ಹೇಳುವುದಿಲ್ಲ?

ನೀವು ಕೇಳಿರುವುದು ಎರಡು ವಿಷಯ. ಪದವೀಧರ ಕ್ಷೇತ್ರದ ಎಣಿಕೆಯಲ್ಲಿ ಒಬ್ಬರು ಸಾವಿರಾರು ಮತಗಳಿಂದ ಮುಂದಿದ್ದರೂ ಗೆಲುವು ಯಾಕೆ ಘೋಷಿಸುವುದಿಲ್ಲ, ಎಣಿಕೆ ಮರುದಿನಕ್ಕೂ ಯಾಕೆ ಎಳೆಯುತ್ತದೆ ಅನ್ನುವುದು ಒಂದು. ಈ ಫಲಿತಾಂಶ ನೋಡಿ ರಾಜ್ಯದಲ್ಲಿ ಯಾವ ಪಕ್ಷದ ಗಾಳಿ ಇದೆ ಅಂತ ಹೇಳಬಹುದಾ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ನನ್ನ ಉತ್ತರ ಚಿಕ್ಕದು: ಹೇಳೋಕಾಗಲ್ಲ. ಮೊದಲನೆಯದಕ್ಕೆ ಸ್ವಲ್ಪ ಲೆಕ್ಕ ಮಾಡಬೇಕು.

ನಾನು ಖಾಸಗಿ ಹೈಸ್ಕೂಲಿನ ಮೇಷ್ಟ್ರು. ಪರಿಷತ್ತಿಗೆ ನನ್ನಂಥವರಿಗೆ ಎರಡು ಓಟು. ಡಿಗ್ರಿ ಇದೆ ಅಂತ ಒಂದು, ಪಾಠ ಮಾಡುತ್ತೇನೆ ಅಂತ ಇನ್ನೊಂದು. ಒಂದು ಸಲ ಅಭ್ಯರ್ಥಿಯೊಬ್ಬರ ಪರವಾಗಿ ಎಣಿಕೆ ಏಜೆಂಟ್ ಆಗಿ ಟೇಬಲ್ ಮುಂದೆ ಕೂತಿದ್ದೂ ಉಂಟು. ಹಾಗಾಗಿ ಕೇಳಿದ್ದರ ಜೊತೆ ಕಂಡದ್ದನ್ನೂ ಸೇರಿಸಿ ಹೇಳುತ್ತೇನೆ.

ನಮ್ಮ ವಿಧಾನ ಪರಿಷತ್ತಿನಲ್ಲಿ ಒಟ್ಟು 75 ಸ್ಥಾನ. 25 ಮಂದಿಯನ್ನು ಶಾಸಕರು ಆರಿಸುತ್ತಾರೆ. 25 ಮಂದಿ ಸ್ಥಳೀಯ ಸಂಸ್ಥೆಗಳಿಂದ ಬರುತ್ತಾರೆ, ಅಂದರೆ ಅಲ್ಲಿ ಓಟು ಹಾಕುವವರಲ್ಲಿ ಜಾಸ್ತಿ ಜನ ಗ್ರಾಮ ಪಂಚಾಯಿತಿ ಸದಸ್ಯರೇ. ಪದವೀಧರ ಕ್ಷೇತ್ರ 7, ಶಿಕ್ಷಕರ ಕ್ಷೇತ್ರ 7. ಉಳಿದ 11 ನಾಮನಿರ್ದೇಶನ. ಒಬ್ಬರ ಅವಧಿ ಆರು ವರ್ಷ.

ಈಗ ಎಣಿಕೆಗೆ ಬರೋಣ. ಇಲ್ಲಿ ಯಂತ್ರ ಇಲ್ಲ, ಬ್ಯಾಲೆಟ್ ಪೇಪರ್. ಹೆಸರುಗಳ ಎದುರಿಗೆ 1, 2, 3 ಅಂತ ಪ್ರಾಶಸ್ತ್ಯ ಬರೆಯಬೇಕು. 1 ಕಡ್ಡಾಯ, ಉಳಿದದ್ದು ನಿಮ್ಮ ಇಷ್ಟ. ಬರೆಯಲು ನೇರಳೆ ಬಣ್ಣದ ಸ್ಕೆಚ್ ಪೆನ್ ಅನ್ನು ಮತಗಟ್ಟೆಯಲ್ಲೇ ಕೊಡುತ್ತಾರೆ. ಸ್ವಂತ ಪೆನ್ನಿನಲ್ಲಿ ಬರೆದರೆ ಮತ ಹೋಯಿತು.

ಗೆಲ್ಲಬೇಕಾದರೆ ಬೇರೆಯವರಿಗಿಂತ ಹೆಚ್ಚು ಮತ ಬಂದರೆ ಸಾಲದು, ಸಿಂಧು ಮತಗಳಲ್ಲಿ ಅರ್ಧಕ್ಕಿಂತ ಒಂದಾದರೂ ಜಾಸ್ತಿ ಬರಬೇಕು. ಇದಕ್ಕೆ ಕೋಟಾ ಅನ್ನುತ್ತಾರೆ. ಸುಮ್ನೆ ಲೆಕ್ಕಕ್ಕೆ ಒಂದು ಕ್ಷೇತ್ರ ಇಟ್ಟುಕೊಳ್ಳಿ. ಸಿಂಧು ಮತ 60,000, ಕೋಟಾ 30,001. ಮೊದಲ ಪ್ರಾಶಸ್ತ್ಯದಲ್ಲಿ ಒಂದನೇ ಅಭ್ಯರ್ಥಿಗೆ 27,000, ಎರಡನೆಯವರಿಗೆ 24,500, ಬಂಡಾಯ ಎದ್ದ ಮೂರನೆಯವರಿಗೆ 6,000, ಉಳಿದ ಪಕ್ಷೇತರರಿಗೆಲ್ಲ ಸೇರಿ 2,500. ಟಿವಿಯವರು ಈ ಹೊತ್ತಿಗೆ ಒಂದನೆಯವರ ಮನೆ ಮುಂದೆ ಪಟಾಕಿ ತೋರಿಸುತ್ತಿರುತ್ತಾರೆ. ಆದರೆ ಕೋಟಾ ಯಾರೂ ಮುಟ್ಟಿಲ್ಲ.

ಹಾಗಾಗಿ ಕೆಳಗಿನಿಂದ ಒಬ್ಬೊಬ್ಬರನ್ನೇ ಹೊರಗೆ ಹಾಕುತ್ತಾ ಬರುತ್ತಾರೆ. ಹೊರಹೋದವರ ಬ್ಯಾಲೆಟ್‌ಗಳನ್ನು ಮತ್ತೆ ಬಿಚ್ಚಿ, ಪ್ರತಿಯೊಂದರಲ್ಲೂ ಮುಂದಿನ ಪ್ರಾಶಸ್ತ್ಯ ಯಾರಿಗಿದೆ ನೋಡಿ, ಆ ಅಭ್ಯರ್ಥಿಯ ಕಟ್ಟಿಗೆ ಸೇರಿಸುತ್ತಾರೆ. ಮುಂದಿನ ಅಂಕಿ ಬರೆದೇ ಇಲ್ಲದಿದ್ದರೆ ಆ ಚೀಟಿ ಅಲ್ಲಿಗೇ ನಿಂತಿತು. ನಮ್ಮ ಲೆಕ್ಕದಲ್ಲಿ ಪಕ್ಷೇತರರ 2,500ರಲ್ಲಿ 400 ಒಂದನೆಯವರಿಗೆ, 700 ಎರಡನೆಯವರಿಗೆ, 300 ಬಂಡಾಯದವರಿಗೆ ಹೋಯಿತು ಅನ್ನಿ. 1,100 ನಿಂತೇ ಹೋದವು. ಆಮೇಲೆ ಬಂಡಾಯದವರೂ ಹೊರಗೆ. ಅವರ ಕೈಲಿದ್ದ 6,300ರಲ್ಲಿ ಒಂದನೆಯವರಿಗೆ 500, ಎರಡನೆಯವರಿಗೆ 3,300, ಉಳಿದ 2,500 ಯಾರಿಗೂ ಇಲ್ಲ. ಕೂಡಿಸಿ ನೋಡಿ: ಒಂದನೆಯವರು 27,900, ಎರಡನೆಯವರು 28,500. ಬೆಳಗ್ಗೆ ಹಿಂದಿದ್ದವರು ರಾತ್ರಿ ಗೆದ್ದರು. ಅದೂ 30,001 ಮುಟ್ಟದೆ! ಉಳಿದ ಇಬ್ಬರಲ್ಲಿ ಕಡಿಮೆ ಇದ್ದವರೂ ಹೊರಹೋದರೆ ಕಣದಲ್ಲಿ ಉಳಿಯುವುದು ಒಬ್ಬರೇ, ಹಾಗಾಗಿ ಅವರೇ ಆಯ್ಕೆ. ಕೋಟಾ ಮುಟ್ಟದೆ ಗೆಲ್ಲೋಕಾಗಲ್ಲ ಅಂತ ಎಷ್ಟೋ ಜನ ತಿಳಿದುಕೊಂಡಿದ್ದಾರೆ, ಅದು ಸರಿಯಲ್ಲ.

ಎಣಿಕೆ ಎಳೆಯುವುದು ಇದಕ್ಕೇ. 2024ರ ಜೂನ್‌ನಲ್ಲಿ ಈಶಾನ್ಯ ಪದವೀಧರ ಕ್ಷೇತ್ರದಲ್ಲಿ, ಅಂದರೆ ಕಲಬುರಗಿ, ಬೀದರ್, ರಾಯಚೂರು, ಬಳ್ಳಾರಿ ಕಡೆ, ಮೊದಲ ಪ್ರಾಶಸ್ತ್ಯದಲ್ಲಿ ಯಾರೂ ಕೋಟಾ ಮುಟ್ಟಲಿಲ್ಲ. ಒಬ್ಬೊಬ್ಬರನ್ನೇ ಹೊರಗೆ ಹಾಕಿ ಕೊನೆಗೆ ಕಾಂಗ್ರೆಸ್‌ನ ಚಂದ್ರಶೇಖರ ಪಾಟೀಲರು ಗೆದ್ದರು. ಅದೇ ಚುನಾವಣೆಯಲ್ಲಿ ನೈರುತ್ಯ ಪದವೀಧರ ಕ್ಷೇತ್ರದಲ್ಲಿ ಬಿಜೆಪಿಯ ಡಾ. ಧನಂಜಯ ಸರ್ಜಿ ಅವರಿಗೆ ಮೊದಲ ಪ್ರಾಶಸ್ತ್ಯವೇ ಸಾಕಾಯಿತು. ಅಲ್ಲಿ ಬಿಜೆಪಿಯಿಂದ ಬಂಡಾಯ ಎದ್ದ ರಘುಪತಿ ಭಟ್ಟರೂ ಕಣದಲ್ಲಿದ್ದರು, ಆದರೂ ಎರಡನೇ ಪ್ರಾಶಸ್ತ್ಯದ ಗೋಜಿಗೆ ಹೋಗಬೇಕಾಗಲಿಲ್ಲ.

ಇನ್ನು ನನಗೆ ಬೇಜಾರು ತರಿಸಿದ ವಿಷಯ, ಅಸಿಂಧು ಮತ. ಓದಿದವರಿಗೆ ಅಂತಲೇ ಇರುವ ಚುನಾವಣೆ ಇದು. ಆದರೆ ಏಜೆಂಟ್ ಆಗಿ ಕೂತಾಗ ನನ್ನ ಕಣ್ಣಮುಂದೆ ಬಂದ ಚೀಟಿಗಳನ್ನು ಹೇಳುತ್ತೇನೆ, ಕೇಳಿ. ಒಂದರಲ್ಲಿ ಅಂಕಿಯ ಬದಲು ರೈಟ್ ಮಾರ್ಕ್. ಒಂದರಲ್ಲಿ ಮುದ್ದಾದ ಅಕ್ಷರದಲ್ಲಿ ‘ಒಂದು’. ಇನ್ನೊಂದರಲ್ಲಿ ಇಬ್ಬರ ಎದುರಿಗೂ 1, ಯಾರಿಗೂ ಬೇಜಾರಾಗಬಾರದು ಅಂತ ಇರಬೇಕು! ಮತ್ತೊಂದರಲ್ಲಿ 1 ಬರೆದು, ಕೆಳಗೆ ಪರೀಕ್ಷೆ ಪೇಪರ್ ತಿದ್ದಿದ ಹಾಗೆ ಸಹಿ. ಸಹಿ ಹಾಕಿದರೆ ಮತದಾರ ಯಾರು ಅಂತ ಗೊತ್ತಾಗುತ್ತದೆ, ಹಾಗಾಗಿ ಅಸಿಂಧು. ಎರಡು ಹೆಸರಿನ ನಡುವಿನ ಗೆರೆ ಮೇಲೆ ಕೂತ ಒಂದು 1ಕ್ಕೆ ಎರಡೂ ಕಡೆಯ ಏಜೆಂಟರು ಜಗಳಕ್ಕೇ ನಿಂತರು. ಅಧಿಕಾರಿ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕೆ ಇಟ್ಟರು. ಕನ್ನಡದ ೧ ಬರೆದರೆ ನಡೆಯುತ್ತದೆ, ರೋಮನ್ ಅಂಕಿಯೂ ನಡೆಯುತ್ತದೆ. ಅಕ್ಷರದಲ್ಲಿ ಬರೆದರೆ ಮಾತ್ರ ಇಲ್ಲ. 1 ಬರೆದು, 2 ಬಿಟ್ಟು, 3 ಹಾಕಿದ್ದರೆ 1 ಸಿಂಧುವೇ, 3 ಲೆಕ್ಕಕ್ಕಿಲ್ಲ. ಇಂಥ ಅಸಿಂಧು ಮತ ಒಂದೊಂದು ಕ್ಷೇತ್ರದಲ್ಲಿ ಸಾವಿರಗಳ ಲೆಕ್ಕದಲ್ಲಿ ಇರುತ್ತವೆ.

ಸಾವಿರ ಯಾಕೆ, ಆರು ಮತವೂ ಇಲ್ಲಿ ದೊಡ್ಡದು. 2021ರ ಡಿಸೆಂಬರ್‌ನಲ್ಲಿ ಚಿಕ್ಕಮಗಳೂರು ಸ್ಥಳೀಯ ಸಂಸ್ಥೆಗಳ ಕ್ಷೇತ್ರದಲ್ಲಿ ಬಿಜೆಪಿಯ ಎಂ.ಕೆ. ಪ್ರಾಣೇಶ್ ಅವರು ಕಾಂಗ್ರೆಸ್‌ನ ಗಾಯತ್ರಿ ಶಾಂತೇಗೌಡರ ಎದುರು ಗೆದ್ದರು ಅಂತ ಘೋಷಿಸಿದ್ದು ಬರೀ 6 ಮತದ ಅಂತರದಲ್ಲಿ. ಸ್ಥಳೀಯ ಸಂಸ್ಥೆಗಳಿಗೆ ನಾಮನಿರ್ದೇಶನಗೊಂಡ ಸದಸ್ಯರು ಹಾಕಿದ ಓಟು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ಅದು ಕೋರ್ಟಿಗೂ ಹೋಯಿತು. ಆ ಸಲ 25 ಸ್ಥಾನದಲ್ಲಿ ಬಿಜೆಪಿಗೆ 11, ಕಾಂಗ್ರೆಸ್‌ಗೆ 11, ಜೆಡಿಎಸ್‌ಗೆ 2. ಉಳಿದ ಒಂದು ಬೆಳಗಾವಿಯಲ್ಲಿ ಪಕ್ಷೇತರರಾಗಿ ನಿಂತ ಲಖನ್ ಜಾರಕಿಹೊಳಿ ಅವರಿಗೆ. ಅಲ್ಲಿ ಎರಡು ಸ್ಥಾನ ಇದ್ದವು. ಒಂದು ಕಾಂಗ್ರೆಸ್‌ನ ಚನ್ನರಾಜ ಹಟ್ಟಿಹೊಳಿ ಅವರಿಗೆ ಹೋಯಿತು, ಬಿಜೆಪಿಯ ಮುಖ್ಯ ಸಚೇತಕರಾಗಿದ್ದ ಮಹಾಂತೇಶ ಕವಟಗಿಮಠರು ಸೋತರು.

ಇನ್ನು ಗಾಳಿಯ ಮಾತು. 2024ರ ಜೂನ್ 4ಕ್ಕೆ ಲೋಕಸಭೆ ಫಲಿತಾಂಶ ಬಂತು. ಬೆಂಗಳೂರಿನ ನಾಲ್ಕೂ ಕ್ಷೇತ್ರ, ಗ್ರಾಮಾಂತರವೂ ಸೇರಿ, ಬಿಜೆಪಿ ಪಾಲಾದವು. ಜೂನ್ 6ಕ್ಕೆ ಪರಿಷತ್ತಿನ ಎಣಿಕೆ ಶುರುವಾಯಿತು. ಅದೇ ಬೆಂಗಳೂರಿನ ಪದವೀಧರ ಕ್ಷೇತ್ರದಲ್ಲಿ ಗೆದ್ದದ್ದು ಕಾಂಗ್ರೆಸ್‌ನ ರಾಮೋಜಿಗೌಡರು. ಒಂದೇ ವಾರದಲ್ಲಿ ಗಾಳಿ ತಿರುಗಿತಾ? ಇಲ್ಲ, ಓಟು ಹಾಕಿದ ಜನವೇ ಬೇರೆ. ಆ ಸಲ ಚುನಾವಣೆ ನಡೆದ ಆರು ಪದವೀಧರ, ಶಿಕ್ಷಕರ ಸ್ಥಾನದಲ್ಲಿ ಕಾಂಗ್ರೆಸ್‌ಗೆ 3, ಜೆಡಿಎಸ್‌ಗೆ 2, ಬಿಜೆಪಿಗೆ 1 ಬಂತು.

ಶಿಕ್ಷಕರ ಕ್ಷೇತ್ರದಲ್ಲಂತೂ ಪಕ್ಷಕ್ಕಿಂತ ಮನುಷ್ಯ ಮುಖ್ಯ. ಬಸವರಾಜ ಹೊರಟ್ಟಿ ಅವರು 1980ರಿಂದ ಗೆಲ್ಲುತ್ತಾ ಬಂದವರು. 2022ರಲ್ಲಿ ಜೆಡಿಎಸ್ ಬಿಟ್ಟು ಬಿಜೆಪಿಯಿಂದ ನಿಂತರು, ಎಂಟನೇ ಸಲವೂ ಗೆದ್ದರು. ಬೆಂಗಳೂರು ಶಿಕ್ಷಕರ ಕ್ಷೇತ್ರದ ಪುಟ್ಟಣ್ಣನವರು 2020ರಲ್ಲಿ ಬಿಜೆಪಿಯಿಂದ ಗೆದ್ದು, ರಾಜೀನಾಮೆ ಕೊಟ್ಟು, 2024ರ ಫೆಬ್ರವರಿಯ ಉಪಚುನಾವಣೆಯಲ್ಲಿ ಅದೇ ಕ್ಷೇತ್ರದಿಂದ ಕಾಂಗ್ರೆಸ್ ಟಿಕೆಟ್‌ನಲ್ಲಿ ಗೆದ್ದರು. ನಮ್ಮ ಸ್ಟಾಫ್ ರೂಮಿನಲ್ಲೂ ಹಾಗೇ. ವೇತನ ಆಯೋಗ, ಹಳೇ ಪಿಂಚಣಿ, ಅನುದಾನ, ವರ್ಗಾವಣೆ, ಇವಕ್ಕೆ ಫೋನ್ ಮಾಡಿದರೆ ಯಾರು ಎತ್ತುತ್ತಾರೆ ಅನ್ನುವುದರ ಮೇಲೆ ಓಟು ನಿರ್ಧಾರ. ಪಕ್ಷದ ಚಿಹ್ನೆಯೂ ಬ್ಯಾಲೆಟ್ ಮೇಲೆ ಇರುವುದಿಲ್ಲ.

ಹಾಗಂತ ಅಲ್ಲಿ ನಿಲ್ಲುವವರು ಶಿಕ್ಷಕರೇ ಆಗಿರಬೇಕು ಅಂತಿಲ್ಲ. ಪದವೀಧರ ಕ್ಷೇತ್ರಕ್ಕೂ ಡಿಗ್ರಿ ಬೇಕಾಗಿಲ್ಲ, ಸುಪ್ರೀಂ ಕೋರ್ಟ್ 1972ರಲ್ಲೇ ಹಾಗೆ ಹೇಳಿದೆ. ಓಟು ಹಾಕೋಕೆ ಡಿಗ್ರಿ ಬೇಕು, ಗೆಲ್ಲೋಕೆ ಬೇಡ. ನನಗಂತೂ ಇದು ವಿಚಿತ್ರವಾಗಿಯೇ ಕಾಣುತ್ತದೆ.

ನಿಮಗೆ ಡಿಗ್ರಿ ಇದ್ದು ಓಟು ಹಾಕುವ ಮನಸ್ಸಿದ್ದರೆ ಇಷ್ಟು ಗಮನದಲ್ಲಿಡಿ. ವಿಧಾನಸಭೆಯ ಓಟರ್ ಲಿಸ್ಟ್‌ನಲ್ಲಿ ಹೆಸರಿದ್ದ ಮಾತ್ರಕ್ಕೆ ಇಲ್ಲಿ ಓಟು ಸಿಗುವುದಿಲ್ಲ. ಈ ಕ್ಷೇತ್ರಗಳಿಗೆ ಪ್ರತಿ ಚುನಾವಣೆಗೂ ಪಟ್ಟಿ ಹೊಸದಾಗಿ ಮಾಡುತ್ತಾರೆ. ಹಿಂದಿನ ಸಲ ಓಟು ಹಾಕಿದ್ದರೂ ಮತ್ತೆ ಅರ್ಜಿ ಕೊಡಬೇಕು. ಪದವೀಧರರಿಗೆ ನಮೂನೆ 18, ಶಿಕ್ಷಕರಿಗೆ ನಮೂನೆ 19. ನವೆಂಬರ್ 1ನ್ನು ಅರ್ಹತಾ ದಿನಾಂಕವಾಗಿ ಹಿಡಿಯುತ್ತಾರೆ, ಅದಕ್ಕೆ ಮೂರು ವರ್ಷ ಮುಂಚೆಯೇ ಡಿಗ್ರಿ ಮುಗಿದಿರಬೇಕು. ಆಗ್ನೇಯ ಮತ್ತು ಪಶ್ಚಿಮ ಪದವೀಧರ, ಈಶಾನ್ಯ ಮತ್ತು ಬೆಂಗಳೂರು ಶಿಕ್ಷಕರ ಕ್ಷೇತ್ರಗಳಿಗೆ, ಉಪಚುನಾವಣೆ ಬಿಟ್ಟರೆ, ಹಿಂದಿನ ಚುನಾವಣೆ ನಡೆದದ್ದು 2020ರಲ್ಲಿ, ಆರು ವರ್ಷ ತುಂಬುವುದು 2026ರಲ್ಲಿ. ತುಮಕೂರು, ದಾವಣಗೆರೆ, ಧಾರವಾಡ, ಗದಗ ಕಡೆಯ ಪದವೀಧರರಾದರೆ ಡಿಗ್ರಿ ಸರ್ಟಿಫಿಕೇಟ್ ಹುಡುಕಿ ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ. ಕೊನೇ ದಿನ ತಾಲೂಕು ಆಫೀಸಿನಲ್ಲಿ ಕ್ಯೂ ಜಾಸ್ತಿ ಇರುತ್ತದೆ.