ಋಣ ಘಾತಾಂಕದ ಸಮೀಕರಣ: ಪದಗಳನ್ನು ಒಂದೊಂದಾಗಿ ತಿರುಗಿಸಬಹುದೇ?

ಪ್ರಶ್ನೆ: ಸರ್, ನಾನು ಹತ್ತನೆಯ ತರಗತಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದೇನೆ. ಕ್ಷ⁻² − 5ಕ್ಷ⁻¹ + 6 = 0 ಎಂಬ ಲೆಕ್ಕದಲ್ಲಿ ಋಣ ಘಾತ ಹೋಗಲಿ ಎಂದು ಪ್ರತಿ ಪದವನ್ನೂ ತಲೆಕೆಳಗು ಮಾಡಿ ಕ್ಷ² − ಕ್ಷ/5 + 1/6 = 0 ಎಂದು ಬರೆದೆ. ಉತ್ತರ ಬರುತ್ತಿಲ್ಲ. ಎಲ್ಲಿ ತಪ್ಪಿದೆ?
— ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ನೀನು ಮಾಡಿದ ಕೆಲಸವನ್ನೂ ಬರೆದು ಕಳುಹಿಸಿದ್ದು ಒಳ್ಳೆಯದಾಯಿತು, ತಪ್ಪು ನೇರವಾಗಿ ಕಾಣುತ್ತಿದೆ. ಕ್ಷ⁻¹ ಎಂದರೆ 1/ಕ್ಷ ಎಂಬುದು ನಿನಗೆ ಗೊತ್ತಿದೆ. ಹಲವರು ಅದನ್ನು −ಕ್ಷ ಎಂದು ಬರೆದುಬಿಡುತ್ತಾರೆ. 2³, 2², 2¹, 2⁰ ಎಂದು ಇಳಿಯುತ್ತಾ ಹೋದರೆ 8, 4, 2, 1. ಪ್ರತಿ ಹೆಜ್ಜೆಗೂ ಅರ್ಧ. ಮುಂದಿನದು 1/2 ಆಗಲೇಬೇಕು, −2 ಆಗಲು ದಾರಿಯೇ ಇಲ್ಲ.

ನೀನು ಎಡವಿದ್ದು ಕೂಡಿಸಿದ ಪದಗಳನ್ನು ಬಿಡಿಬಿಡಿಯಾಗಿ ತಿರುಗಿಸಿದಾಗ. ನಿಮ್ಮೂರಿನ ಅಡಿಕೆ ತೋಟದ ಟ್ಯಾಂಕನ್ನೇ ತೆಗೆದುಕೋ. ಒಂದು ಪಂಪು ಅದನ್ನು 3 ಗಂಟೆಯಲ್ಲಿ ತುಂಬಿಸುತ್ತದೆ, ಇನ್ನೊಂದು 6 ಗಂಟೆಯಲ್ಲಿ. ಎರಡನ್ನೂ ಒಟ್ಟಿಗೆ ಬಿಟ್ಟರೆ ಗಂಟೆಗೆ 3⁻¹ + 6⁻¹, ಅಂದರೆ 1/2 ಟ್ಯಾಂಕು ತುಂಬುತ್ತದೆ; ಒಟ್ಟು 2 ಗಂಟೆ ಸಾಕು. ನಿನ್ನ ರೀತಿಯಲ್ಲಿ ಬಿಡಿಯಾಗಿ ತಿರುಗಿಸಿದರೆ 3 + 6 = 9 ಗಂಟೆ! ಒಂದೇ ಪಂಪಿಗೆ 3 ಗಂಟೆ ಸಾಕಾಗಿರುವಾಗ ಎರಡಕ್ಕೆ 9 ಹೇಗೆ ಬೇಕಾದೀತು? ಮೊದಲು ಕೂಡಿಸಬೇಕು, ಆಮೇಲೆ ಮೊತ್ತವನ್ನು ತಿರುಗಿಸಬೇಕು. ನೀನು ಬರೆದ ಹೊಸ ಸಮೀಕರಣದ ಶೋಧಕ (ಸೂತ್ರದಲ್ಲಿ ವರ್ಗಮೂಲದ ಒಳಗೆ ಬರುವ b² − 4ac) ಋಣವಾಗಿದೆ, ಆದ್ದರಿಂದಲೇ ಉತ್ತರ ಸಿಗಲಿಲ್ಲ.

ಸರಿಯಾದ ದಾರಿ ಸುಲಭ. ಕ್ಷ⁻¹ ಅನ್ನು ಮ ಎಂದು ಕರೆ. ಆಗ ಕ್ಷ⁻² ಎಂಬುದು ಮ². ಮ² − 5ಮ + 6 = 0; ಅಪವರ್ತಿಸಿದರೆ (ಮ − 2)(ಮ − 3) = 0. ಮ ಬೆಲೆ 2 ಅಥವಾ 3. ಇಲ್ಲಿಗೇ ಪೆನ್ನು ಕೆಳಗಿಡಬೇಡ, ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲಿಯೇ. ಕೇಳಿದ್ದು ಕ್ಷ, ಅದು 1/2 ಅಥವಾ 1/3. ತಾಳೆ ನೋಡು: ಕ್ಷ = 1/2 ಆದರೆ 4 − 10 + 6 = 0; ಕ್ಷ = 1/3 ಆದರೆ 9 − 15 + 6 = 0.

ಇಡೀ ಸಮೀಕರಣವನ್ನು ಕ್ಷ² ದಿಂದ ಗುಣಿಸಿದರೂ 1 − 5ಕ್ಷ + 6ಕ್ಷ² = 0 ಬಂದು ಅದೇ ಉತ್ತರ ಸಿಗುತ್ತದೆ. ಕ್ಷ³ ದಿಂದ ಗುಣಿಸಿದರೆ ಮಾತ್ರ 0 ಎಂಬ ಸುಳ್ಳು ಉತ್ತರವೊಂದು ನುಸುಳುತ್ತದೆ. 0 ಛೇದದಲ್ಲಿ ಕೂರಲಾರದು, ಅದನ್ನು ಬಿಡಬೇಕು.

ಇನ್ನು ಕ್ಷ⁻² + ಕ್ಷ⁻¹ − 12 = 0 ಅನ್ನು ನೀನೇ ಬಿಡಿಸು. ಒಂದು ಉತ್ತರ 1/3. ಇನ್ನೊಂದು ಋಣ ಸಂಖ್ಯೆ.